ಗುರುತ್ವದ ವಿಚಾರದಲ್ಲಿ ಸಾಮಾನ್ಯ ಭಕ್ತನ ಲೇಖನಿ

ಮಠ, ಮಂದಿರ, ಚರ್ಚುಗಳಲ್ಲಿ ಗುರುಸ್ಥಾನವನ್ನು ಹೊತ್ತವರು ಹೇಗಿರಬೇಕು, ಹೇಗೆ ಬಾಳಬೇಕು ಎಂಬುದನ್ನು ಕುರಿತು, ಆ ಸ್ಥಾನದಲ್ಲಿಲ್ಲದ ಸಾಮಾನ್ಯ ಭಕ್ತನೊಬ್ಬನು ಬರೆಯಲು ಕುಳಿತರೆ ಅವನಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: "ಇದನ್ನು ಹೇಳಲು ನೀನಾರು?" ಪ್ರಶ್ನೆ ಒರಟಾಗಿದೆ, ಆದರೆ ತೀರ ಅನ್ಯಾಯದ್ದಲ್ಲ. ಹರಿಗೋಲು ನಡೆಸಲು ಬಾರದವನು ಅಂಬಿಗನಿಗೆ ಹುಟ್ಟು ಹಾಕುವ ಬಗೆಯನ್ನು ಬೋಧಿಸಹೊರಟರೆ ದಡದವರು ನಗದೆ ಇರಲಾರರು. ಆದರೆ ಹರಿಗೋಲಿನೊಳಗೆ ನೀರು ಬರುತ್ತಿದೆ ಎಂದು ಹೇಳಲು ಅದರಲ್ಲಿ ಕುಳಿತವನು ಅಂಬಿಗನೇ ಆಗಿರಬೇಕಾಗಿಲ್ಲ. ಈ ಎರಡು ಬಗೆಯ ಮಾತುಗಳ ನಡುವೆ ಇರುವ ಅಂತರವನ್ನು ಗುರುತಿಸುವುದೇ ಈ ಲೇಖನದ ಉದ್ದೇಶ.

ವಿಷಯವು ನಮಗೆ ದೂರದ್ದಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ವಚನಗಳನ್ನು ಪಾಠ ಹೇಳುತ್ತೇವೆ. ಗುರು, ಲಿಂಗ, ಜಂಗಮ ಎಂಬ ಮಾತುಗಳಿಲ್ಲದೆ ವಚನ ಸಾಹಿತ್ಯವಿಲ್ಲ. ಹಗ್ಗ ಹೊಸೆಯುವವನೂ ದೋಣಿ ನಡೆಸುವವನೂ ಗುರುವಿನ ನಡತೆಯನ್ನು ಎತ್ತಿ ಆಡುವ ವಚನವು ಬಂದಾಗ, "ಹೀಗೆ ಹೇಳಬಹುದೇ?" ಎಂದು ಯಾವನಾದರೂ ಚುರುಕಾದ ಹುಡುಗನು ಕೇಳಿಯೇ ಕೇಳುತ್ತಾನೆ. "ಅವರು ಶರಣರು, ಹೇಳಿದರು, ನಾವು ಹೇಳುವಂತಿಲ್ಲ" ಎಂಬ ಉತ್ತರವು ಸುಲಭವಾದುದು, ತರಗತಿಯಲ್ಲಿ ಶಾಂತಿಯನ್ನೂ ಕಾಪಾಡುತ್ತದೆ. ಆದರೆ ಅದು ವಚನದ ಉಸಿರನ್ನೇ ತೆಗೆದುಬಿಡುತ್ತದೆ. ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ವಿವರಿಸದೆ ಆ ವಚನಗಳನ್ನು ವಿವರಿಸಿದಂತಾಗದು.

ನಮ್ಮ ವಚನಕಾರರು ತಾವೇಕೆ ಮಾತನಾಡುತ್ತಿದ್ದೇವೆ ಎಂದು ಪೀಠಿಕೆ ಬರೆದವರಲ್ಲ. ಅದನ್ನು ಬಿಡಿಸಿ ಬರೆದ ಒಬ್ಬ ಮಹಾಕವಿ ಇಂಗ್ಲೆಂಡಿನಲ್ಲಿ ಇದ್ದನು. ಅವನ ಕಾರಣಗಳನ್ನು ಮೊದಲು ನೋಡಿಕೊಂಡರೆ ನಮ್ಮವರು ಹೇಳದೆ ಬಿಟ್ಟ ಕಾರಣಗಳು ಹೆಚ್ಚು ಸ್ಪಷ್ಟವಾಗುತ್ತವೆ. 1608ರಲ್ಲಿ ಲಂಡನ್ನಿನಲ್ಲಿ ಜನಿಸಿದ ಜಾನ್ ಮಿಲ್ಟನ್ನನನ್ನು ನಾವು 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಕರ್ತೃವೆಂದೇ ಬಲ್ಲೆವು. ಆ ಕಾವ್ಯವು ಪ್ರಕಟವಾದದ್ದು 1667ರಲ್ಲಿ. ಅದಕ್ಕೆ 25 ವರ್ಷ ಮೊದಲು, 1642ರಲ್ಲಿ, ಅವನು 'ದ ರೀಸನ್ ಆಫ್ ಚರ್ಚ್ ಗವರ್ನ್‌ಮೆಂಟ್' ಎಂಬ ಗದ್ಯಗ್ರಂಥವನ್ನು ಹೊರತಂದನು. ಬಿಷಪ್ಪರ ಅಧಿಕಾರವನ್ನು ವಿರೋಧಿಸಿ 1641-42ರಲ್ಲಿ ಅವನು ಬರೆದ ಐದು ಪುಸ್ತಿಕೆಗಳಲ್ಲಿ ತನ್ನ ಹೆಸರನ್ನು ಮುಚ್ಚಿಡದೆ ಮೊದಲು ಪ್ರಕಟಿಸಿದುದು ಇದನ್ನೇ. ಅವನು ಪಾದ್ರಿಯಲ್ಲ, ಚರ್ಚಿನ ಯಾವ ಹುದ್ದೆಯೂ ಅವನಿಗಿರಲಿಲ್ಲ. ಹಾಗಿದ್ದೂ ಚರ್ಚಿನ ಸೇವಾಧಿಕಾರವನ್ನು ಕುರಿತು ಬರೆಯುವುದೇಕೆ ಎಂಬುದನ್ನು ಆ ಗ್ರಂಥದ ಎರಡನೆಯ ಭಾಗದ ಪೀಠಿಕೆಯಲ್ಲಿ ವಿಸ್ತಾರವಾಗಿ ತಿಳಿಸುತ್ತಾನೆ.

ಅವನ ಕಾರಣಗಳನ್ನು ಹೀಗೆ ಸಂಗ್ರಹಿಸಬಹುದು. ಮೊದಲನೆಯದು, ವಿದ್ಯೆಯು ದೇವರು ಒಪ್ಪಿಸಿದ ಒತ್ತೆ. ಅದನ್ನು ಬಳಸದೆ ಹೂತಿಟ್ಟವನು ಲೆಕ್ಕ ಒಪ್ಪಿಸಬೇಕಾಗುತ್ತದೆ. ಎರಡನೆಯದು, ಚರ್ಚು ಸಂಕಟದಲ್ಲಿದ್ದಾಗ ತಾನು ಸುಮ್ಮನಿದ್ದರೆ ಮುಂದೆ ಬಾಳಿನುದ್ದಕ್ಕೂ ತನ್ನ ಅಂತರಂಗವೇ ತನ್ನನ್ನು ಹಳಿಯುತ್ತದೆ. ಮೂರನೆಯದು, ಕೀರ್ತಿಯ ಆಸೆ ತನಗಿದ್ದಿದ್ದರೆ ತಾನು ಬಲಗೈ ಕೆಲಸವಾದ ಕಾವ್ಯವನ್ನು ಬಿಟ್ಟು ಎಡಗೈ ಕೆಲಸವಾದ ಗದ್ಯಕ್ಕೆ ಬರುತ್ತಿರಲಿಲ್ಲ. ಕೊನೆಯದು, ತಂದೆತಾಯಿಗಳು ತನ್ನನ್ನು ಚಿಕ್ಕಂದಿನಿಂದ ಚರ್ಚಿನ ಸೇವೆಗೆಂದೇ ಬೆಳೆಸಿದರು. ಆದರೆ ಒಳಗೆ ಹೋಗಬೇಕಾದರೆ ಮನಸ್ಸಾಕ್ಷಿಗೆ ಒಗ್ಗದ ಪ್ರಮಾಣವಚನಕ್ಕೆ ತಲೆಬಾಗಬೇಕಾಗಿತ್ತು. ಹೀಗೆ ತನ್ನನ್ನು ಹೊರಗಿಟ್ಟವರು ಬಿಷಪ್ಪರೇ ಆದುದರಿಂದ ಹೊರಗಿನವನಾಗಿ ಮಾತನಾಡುವ ಹಕ್ಕು ತನಗುಂಟು.

ಈ ನಾಲ್ಕರಲ್ಲಿ ಮೊದಲ ಮೂರು ಗೌರವಾರ್ಹವಾದವು. ನಾಲ್ಕನೆಯದು ಎರಡು ಅಲಗಿನ ಕತ್ತಿ. ಪೀಠವು ಸಿಕ್ಕದವನು ಪೀಠವನ್ನು ಜರೆಯುತ್ತಾನೆ ಎಂಬ ಆರೋಪಕ್ಕೆ ಅದು ತಾನೇ ಎಡೆಮಾಡಿಕೊಡುತ್ತದೆ. ಮಿಲ್ಟನ್ನನ ಪ್ರಾಮಾಣಿಕತೆ ಸಂದೇಹಾತೀತವಾದುದರಿಂದ ಆ ಆರೋಪವು ಅವನಿಗೆ ತಟ್ಟಲಿಲ್ಲ. ಆದರೆ ಆ ಕಾರಣವನ್ನು ಅವನಷ್ಟು ಪ್ರಾಮಾಣಿಕನಲ್ಲದವನು ಬಳಸಿದರೆ ಅದು ಬರಿಯ ಹೊಟ್ಟೆಕಿಚ್ಚಾಗಿ ಕಾಣುವುದು. ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದುಂಟು. ಪೀಠಿಕೆಯ ಕಾರಣಗಳೆಲ್ಲ ಲೇಖಕನ ಸುತ್ತಲೇ ಸುತ್ತುತ್ತವೆ: ತನ್ನ ವಿದ್ಯೆ, ತನ್ನ ಅಂತಃಸಾಕ್ಷಿ, ತನ್ನ ಕವಿತ್ವ, ತನಗೆ ಮುಚ್ಚಿದ ಬಾಗಿಲು. ಗ್ರಂಥದ ಮುಂದಿನ ಅಧ್ಯಾಯಗಳಲ್ಲಿ ಭಕ್ತಸಮೂಹದ ಗೌರವವನ್ನು ಅವನು ಎತ್ತಿಹಿಡಿಯುತ್ತಾನೆ, ನಿಜ. ಆದರೂ ಬರೆಯುವ ಅಧಿಕಾರವನ್ನು ಅವನು ಸ್ಥಾಪಿಸುವುದು ಪಂಡಿತನಾಗಿ. ರವಿವಾರ ಚರ್ಚಿನ ಬೆಂಚಿನ ಮೇಲೆ ಕುಳಿತು ಕೇಳುವ ರೈತನಾಗಿ ಅಲ್ಲ.

ಈಗ ನಮ್ಮ ಕಡೆಗೆ ತಿರುಗೋಣ. ಬಿಜಾಪುರ ಸೀಮೆಯ ಶಿವಣಗಿಯವನೆಂದು ಪ್ರತೀತಿಯಿರುವ ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಹೊಸೆದು, ಅದನ್ನು ಮಾರಿ ಬಂದ ಹಣದಿಂದ ಜಂಗಮ ದಾಸೋಹ ನಡೆಸಿದವನು. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವು ಜಾರಿ ಬಿದ್ದರೂ ಅವನು ಅದನ್ನೆತ್ತಿಕೊಳ್ಳದೆ ಕಾಯಕಕ್ಕೆ ನಡೆದನೆಂದೂ, ಲಿಂಗವೇ ಅವನ ಬೆನ್ನು ಹತ್ತಿತೆಂದೂ, ಮಡಿವಾಳ ಮಾಚಯ್ಯನು ನಡುವೆ ನಿಂತು ಸಂಧಾನ ಮಾಡಿದನೆಂದೂ ಕಥೆಯಿದೆ. ಇದು ಪವಾಡವೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಬೇಕಿಲ್ಲ. ಕಥೆಯ ತಾತ್ಪರ್ಯ ಅವನ ವಚನಗಳಲ್ಲೇ ಇದೆ: ಗುರುವಾದರೂ, ಲಿಂಗವಾದರೂ, ಜಂಗಮನಾದರೂ ಕಾಯಕದಿಂದ ಬಿಡುಗಡೆ ಪಡೆದವರಲ್ಲ. ಇಂಥ ಮಾತನ್ನು ಆಡಲು ಚಂದಯ್ಯನು ತನ್ನ ವಿದ್ಯೆಯನ್ನು ಮುಂದೊಡ್ಡುವುದಿಲ್ಲ. ತನಗೆ ಯಾವ ಪೀಠವು ತಪ್ಪಿತೆಂದು ಹೇಳಿಕೊಳ್ಳುವುದಿಲ್ಲ. ಜಂಗಮನ ಎಲೆಯ ಮೇಲೆ ಬಿದ್ದ ಅನ್ನವು ತನ್ನ ಹಗ್ಗದಿಂದ ಬಂದದ್ದು ಎಂಬುದೇ ಅವನ ಅಧಿಕಾರ. ಉಣ್ಣುವವರಿಗೂ ಉಣಿಸುವವನಿಗೂ ಒಂದೇ ನಿಯಮವೆಂದು ಹೇಳಲು ಉಣಿಸುವವನಿಗಿಂತ ಯೋಗ್ಯನಾದವನು ಬೇರೆ ಯಾರು?

ಆದರೆ ಇಲ್ಲಿಯೇ ನಿಂತರೆ ವಾದವು ವ್ಯಾಪಾರಕ್ಕಿಳಿಯುವ ಭಯವುಂಟು. ಕೊಟ್ಟವನು ಕೊಟ್ಟದ್ದಕ್ಕಾಗಿ ಮಾತನಾಡುತ್ತಾನೆ ಎಂದಾದರೆ, ಹೆಚ್ಚು ಕಾಣಿಕೆ ಕೊಟ್ಟ ಸಾಹುಕಾರನಿಗೆ ಹೆಚ್ಚು ಮಾತಿನ ಹಕ್ಕು ಬರುತ್ತದೆ. ಈ ತಪ್ಪುದಾರಿಯನ್ನು ಮುಚ್ಚಿದವಳು ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಆ ಅಕ್ಕಿಯಿಂದ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದು ಆಸೆಯ ಗಂಟೆಂದು ತಿಳಿಸಿ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಅವಳು ಹೇಳಿದಳೆಂಬುದು ಪ್ರಸಿದ್ಧ ಪ್ರಸಂಗ. ದಾಸೋಹವನ್ನು ಕುರಿತು ಅವಳಾಡಿದ ಮಾತಿಗೆ ತೂಕ ಬಂದದ್ದು ಅವಳು ಹೆಚ್ಚು ಬಡಿಸಿದ್ದರಿಂದಲ್ಲ. ಹೆಚ್ಚಾದದ್ದನ್ನು ತನ್ನ ಮನೆಯ ಹೊಸ್ತಿಲಲ್ಲೇ ತಡೆದದ್ದರಿಂದ. ತನ್ನ ಮನೆಯ ಅಕ್ಕಿಯನ್ನು ಅಳೆದವರಿಗೆ ಮಾತ್ರ ಮಠದ ಅಕ್ಕಿಯನ್ನು ಅಳೆಯುವ ಅಧಿಕಾರ. ಸಾಮಾನ್ಯ ಭಕ್ತನು ಗುರುತ್ವವನ್ನು ಕುರಿತು ಬರೆಯುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣವನ್ನು ನಾನು ಎಲ್ಲಿಯೂ ಕಾಣೆ.

ಮಿಲ್ಟನ್ನನೂ ಕಡೆಗೆ ಈ ದಿಕ್ಕಿಗೇ ಬಂದನು ಎಂಬುದು ಗಮನಿಸಬೇಕಾದ ಸಂಗತಿ. 1659ರಲ್ಲಿ, ಕಣ್ಣು ಕಳೆದುಕೊಂಡು ವರ್ಷಗಳಾದ ಮೇಲೆ, ಚರ್ಚಿನಿಂದ ಕೂಲಿಯ ಬೋಧಕರನ್ನು ಹೊರಗಟ್ಟುವ ಉಪಾಯವನ್ನು ಕುರಿತು ಅವನು ಮತ್ತೊಂದು ಪುಸ್ತಿಕೆ ಬರೆದನು. ಜನರ ಉತ್ಪನ್ನದಲ್ಲಿ ಹತ್ತರಲ್ಲೊಂದು ಪಾಲನ್ನು ಕಾನೂನಿನ ಬಲದಿಂದ ಪಾದ್ರಿಗಳಿಗೆ ಸಲ್ಲಿಸುವ ಪದ್ಧತಿಯನ್ನು ಅಲ್ಲಿ ಖಂಡಿಸಿ, ಬೋಧಕರಾಗುವವರು ಒಂದು ಕಸುಬನ್ನೂ ಕಲಿತಿದ್ದರೆ ಯಾರ ಹಂಗಿಗೂ ಬೀಳಬೇಕಾಗದು ಎಂದು ವಾದಿಸಿದನು. 1642ರಲ್ಲಿ ಅಧಿಕಾರದ ಪ್ರಶ್ನೆಯಾಗಿದ್ದುದು 1659ರಲ್ಲಿ ಅನ್ನದ ಪ್ರಶ್ನೆಯಾಯಿತು. ಕಲ್ಯಾಣದ ಹಗ್ಗದವನು ಹೊರಟದ್ದು ಅನ್ನದ ಪ್ರಶ್ನೆಯಿಂದಲೇ. ಇವರಲ್ಲಿ ಯಾರು ದೊಡ್ಡವರು ಎಂದು ತೂಗುವುದು ನಮ್ಮ ಕೆಲಸವಲ್ಲ. ಕಾಲ, ಮತ, ಭಾಷೆ ಎಲ್ಲವೂ ಬೇರೆಯಾದ ಇಬ್ಬರು ಒಂದೇ ನೆಲೆಗೆ ಬಂದು ತಲುಪಿದರೆ ಆ ನೆಲೆಯಲ್ಲಿ ಸತ್ಯಾಂಶವುಂಟೆಂದು ಭಾವಿಸಲು ಅಡ್ಡಿಯಿಲ್ಲ.

ಹೆಸರಿನ ಮಾತನ್ನೂ ಇಲ್ಲಿಯೇ ಹೇಳಬಹುದು. ಮಿಲ್ಟನ್ನನು ತನ್ನ ಹೆಸರು ಹಾಕಿ ಬರೆದುದು ಧೈರ್ಯದ ಕೆಲಸ. ಏಕೆಂದರೆ ಹೆಸರು ಹಾಕಿದವನು ಉತ್ತರವನ್ನೂ ಕೊಡಬೇಕಾಗುತ್ತದೆ. ವಚನಕಾರರಲ್ಲಿ ಬಹುಮಂದಿ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಅಂಬಿಗರ ಚೌಡಯ್ಯನು ಕಸುಬು ಸಹಿತವಾಗಿ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡನು. ಅವನ ಮಾತು ವಚನಕಾರರಲ್ಲೇ ಅತ್ಯಂತ ಖಾರವಾದುದು; ಡಾಂಭಿಕ ಗುರುಗಳ ಮೇಲೆ ಅವನು ಹಾಯ್ದಂತೆ ಹಾಯ್ದವರು ವಿರಳ. ಆ ಖಾರವನ್ನು ನಾವು ಸಹಿಸಿಕೊಳ್ಳುವುದು, ಹೇಳಿದವನು ದೇವರ ಹೆಸರಿನ ಮರೆಯಲ್ಲಿ ನಿಲ್ಲದೆ ಹೊಳೆಯ ದಡದಲ್ಲಿ ತನ್ನ ಹೆಸರು ಹೇಳಿ ನಿಂತದ್ದರಿಂದ. ಊರಿನ ಗೋಡೆಗೆ ಹೆಸರಿಲ್ಲದ ಚೀಟಿ ಅಂಟಿಸಿ ಸ್ವಾಮಿಗಳನ್ನೋ ಪಾದ್ರಿಗಳನ್ನೋ ಬಯ್ಯುವವನು ಚೌಡಯ್ಯನ ವಂಶದವನಲ್ಲ.

ಇನ್ನು ನಮ್ಮ ಸೊನ್ನಲಿಗೆಯ ಸಿದ್ಧರಾಮನ ಮಾತು. 15ನೆಯ ಶತಮಾನದಲ್ಲಿ ಸಂಕಲನಗೊಂಡ 'ಶೂನ್ಯಸಂಪಾದನೆ'ಯು ಇತಿಹಾಸವಲ್ಲ. ಆದರೆ ಒಂದು ಸಮಾಜವು ತನ್ನ ಪ್ರಶ್ನೆಗಳನ್ನು ಹೇಗೆ ಕೇಳಿಕೊಂಡಿತು ಎಂಬುದಕ್ಕೆ ಅದು ಸಾಕ್ಷಿ. ಆ ಗ್ರಂಥದಲ್ಲಿ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು, ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಒಡ್ಡರೊಡೆಯನೆಂದು ಹಂಗಿಸುತ್ತಾನೆ. ಮುಂದೆ ಕಲ್ಯಾಣದಲ್ಲಿ, ಇಷ್ಟಲಿಂಗ ದೀಕ್ಷೆಯಾಗದ ಸಿದ್ಧರಾಮನಿಗೆ ಶರಣರ ಗೋಷ್ಠಿಯಲ್ಲಿ ಸ್ಥಾನವೇನು ಎಂಬ ಚರ್ಚೆ ನಡೆದು, ಕೊನೆಗೆ ಚನ್ನಬಸವಣ್ಣನಿಂದ ಅವನಿಗೆ ದೀಕ್ಷೆಯಾಗುತ್ತದೆ. ವಿಮರ್ಶಕನು ಇಲ್ಲಿ ಗಮನಿಸಬೇಕಾದುದು ಪ್ರಸಂಗದ ಕ್ರಮವನ್ನು. ಗೋಷ್ಠಿಯು ಮೊದಲು ದೀಕ್ಷೆ ಕೊಟ್ಟು ಆಮೇಲೆ ಮಾತನಾಡಲು ಬಿಡಲಿಲ್ಲ. ಮೊದಲು ಅವನ ವಾದವನ್ನು ಪೂರ್ತಿಯಾಗಿ ಕೇಳಿತು. ದೀಕ್ಷೆ ಏಕೆ ಬೇಕು ಎಂದು ದೀಕ್ಷೆಯಿಲ್ಲದವನು ಎದುರು ನಿಂತು ವಾದಿಸಿದನು. ದೀಕ್ಷೆಯುಳ್ಳವರು ಕುಳಿತು ಉತ್ತರ ಕೊಟ್ಟರು. ಸಂಕಲನಕಾರರು ಗುರುಮಾರ್ಗದ ನಿಷ್ಠಾವಂತರು. ಆದರೂ ಅವರು ಸಿದ್ಧರಾಮನ ಪ್ರತಿವಾದವನ್ನು ಅಳಿಸಿಹಾಕಲಿಲ್ಲ. ಪ್ರಶ್ನೆಯನ್ನು ಕೇಳಿಸಿಕೊಂಡ ಗುರುತ್ವಕ್ಕೇ ಉತ್ತರದ ಗೌರವವೆಂಬುದನ್ನು ಅವರು ಬಲ್ಲವರಾಗಿದ್ದರು.

ಆಧುನಿಕ ಕಾಲದಲ್ಲಿ ಈ ಪರಂಪರೆಯು ಮುಂದುವರಿದುದಕ್ಕೆ ನಮ್ಮ ಸುತ್ತಲೇ ನಿದರ್ಶನಗಳುಂಟು. ವಚನಗಳನ್ನು ಓಲೆಗರಿಗಳಿಂದ ಬಿಡಿಸಿ ಲೋಕಕ್ಕೆ ತಂದ ಫ. ಗು. ಹಳಕಟ್ಟಿಯವರು (1880-1964) ಸ್ವಾಮಿಗಳಲ್ಲ, ಬಿಜಾಪುರದ ವಕೀಲರು. 1923ರಲ್ಲಿ 'ವಚನ ಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಆಮೇಲೆ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಧರ್ಮದ ಮೂಲಗ್ರಂಥಗಳನ್ನು ಒಟ್ಟುಗೂಡಿಸುವ ಕಾರ್ಯವನ್ನು ಕೋರ್ಟಿನ ಕರಿಕೋಟಿನವರು ಮಾಡಿದುದರಲ್ಲಿ ಒಂದು ಔಚಿತ್ಯವಿದೆ. ವಕೀಲನು ತೀರ್ಪು ಕೊಡುವವನಲ್ಲ. ದಾಖಲೆಗಳನ್ನು ಜೋಡಿಸಿ ಮುಂದಿಡುವವನು. ಹಳಕಟ್ಟಿಯವರು ಮಠಗಳನ್ನು ಬಯ್ಯುತ್ತ ಕೂಡಲಿಲ್ಲ. ಗುರು ಹೇಗಿರಬೇಕೆಂದು ಶರಣರು ಹೇಳಿದ್ದರೋ ಅದನ್ನೇ ಅಚ್ಚು ಹಾಕಿಸಿ ಗುರುವಿನ ಕೈಗೂ ಭಕ್ತನ ಕೈಗೂ ಕೊಟ್ಟರು. ಎಲ್ಲರ ಕೈಗೂ ಒಂದೇ ಪುಸ್ತಕ ಬಂದ ಮೇಲೆ ಪ್ರಶ್ನೆ ಕೇಳುವುದಕ್ಕೆ ವಿಶೇಷ ಧೈರ್ಯ ಬೇಕಾಗುವುದಿಲ್ಲ.

ಸೊಲ್ಲಾಪುರದಲ್ಲಿಯೇ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರದು ಬೇರೊಂದು ದಾರಿ. ಶಾಲೆಯ ಓದು ಮರಾಠಿಯಲ್ಲಿ. ಕನ್ನಡವನ್ನು ಅವರು ಸ್ವಪ್ರಯತ್ನದಿಂದ ಕಲಿತರು. ಆ ಕಲಿತ ಕನ್ನಡದಲ್ಲಿ ಸಿದ್ಧರಾಮನ ಚರಿತ್ರೆಯನ್ನು ಮಹಾಕಾವ್ಯವಾಗಿ ಬರೆದರು. ವಚನಗಳನ್ನು ಮರಾಠಿಗೂ ತಂದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರಾಗಿದ್ದರು, 1986ರಲ್ಲಿ ತೀರಿಕೊಂಡರು. ಸಿದ್ಧರಾಮನ ಚರಿತ್ರೆಯನ್ನು ಅವರಿಗೆ ಶತಮಾನಗಳ ಮೊದಲು ರಾಘವಾಂಕನು ಷಟ್ಪದಿಯಲ್ಲಿ ಹಾಡಿದ್ದನು. ತಾಯಿಯವರು ಆರಿಸಿಕೊಂಡುದು ತ್ರಿಪದಿಯನ್ನು. ತ್ರಿಪದಿಯು ಬೀಸುವ ಕಲ್ಲಿನ ಛಂದಸ್ಸು. ನಮ್ಮ ಹೆಣ್ಣುಮಕ್ಕಳು ಬೆಳಗಿನ ಜಾವದಲ್ಲಿ ಹಿಟ್ಟಿನೊಡನೆ ಹಾಡನ್ನೂ ಬೀಸಿದ ಮಟ್ಟು. ಗುರುವಿನ ಚರಿತ್ರೆಯನ್ನು ಆ ಮಟ್ಟಿನಲ್ಲಿ ಹೇಳುವುದೆಂದರೆ ಅದನ್ನು ಪುರಾಣದ ಕಟ್ಟೆಯಿಂದ ಅಡುಗೆಮನೆಯ ಪಕ್ಕಕ್ಕೆ ತರುವುದು. ಇಲ್ಲಿ ಆಕ್ಷೇಪಣೆಯಿಲ್ಲ, ಭಕ್ತಿಯೇ ಇದೆ. ಆದರೆ ಜನರು ಯಾರನ್ನು ಗುರುವೆಂದು ಒಪ್ಪಿಕೊಂಡರು, ಏಕೆ ಒಪ್ಪಿಕೊಂಡರು ಎಂಬುದನ್ನು ಹೇಳುವುದೂ ಗುರುತ್ವದ ವಿಚಾರವೇ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜದ ಹಿಂದೆ ನಡೆಯುವ ಸಾವಿರಾರು ಜನರು ಸಿದ್ಧರಾಮನನ್ನು ನೆನೆಯುವುದು ಅವನು ಕಟ್ಟಿಸಿದ ಕೆರೆಯ ದಡದಲ್ಲಿ. ಸಾಮಾನ್ಯ ಭಕ್ತನ ಬರವಣಿಗೆಯು ಹುಳುಕು ಹುಡುಕುವುದಕ್ಕಷ್ಟೇ ಇರುವುದಲ್ಲ ಎಂಬುದಕ್ಕೆ ತಾಯಿಯವರ ಕಾವ್ಯವೇ ಪ್ರಮಾಣ.

ಈ ಮಾತಿಗೆ ತಿರುವು ಮುರುವಾದ ಒಂದು ಉದಾಹರಣೆಯನ್ನೂ ಕೊಡಬಹುದು. ಉತ್ತಂಗಿ ಚನ್ನಪ್ಪನವರು (1881-1962) ಬಾಸೆಲ್ ಮಿಶನ್ನಿನ ಕ್ರೈಸ್ತ ಸಭಾಪಾಲಕರು, ಅಧಿಕಾರವುಳ್ಳ ಬೋಧಕರು. ಅವರು ಊರೂರು ಅಲೆದು ಒಟ್ಟುಗೂಡಿಸಿ 1924ರಲ್ಲಿ ಪ್ರಕಟಿಸಿದುದು ಯಾವ ಪೀಠವೂ ಇಲ್ಲದೆ ಅಲೆದ ಸರ್ವಜ್ಞನ ವಚನಗಳನ್ನು. ಆಚಾರ್ಯರ, ಪೂಜಾರಿಗಳ ಸೋಗನ್ನು ಸರ್ವಜ್ಞನಂತೆ ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದವರು ಕಡಿಮೆ. ಅಂಥವನ ಮಾತನ್ನು ಬೋಧಕರೊಬ್ಬರು ಕಾಪಾಡಿಕೊಟ್ಟರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ ಕನ್ನಡ ನಾಡು ಅವರ ಮತವನ್ನು ಕೇಳಲಿಲ್ಲ. ಒಳ್ಳೆಯ ಗುರುವಿಗೆ ಸಾಮಾನ್ಯನ ಲೇಖನಿಯ ಭಯವಿಲ್ಲ.

ಇಷ್ಟಾದರೂ ಎದುರು ಪಕ್ಷದ ಒಂದು ಮಾತನ್ನು ಒಪ್ಪಲೇಬೇಕು. ಸಾಮಾನ್ಯ ಭಕ್ತನು ಕಾಣುವುದು ಗುರುತ್ವದ ಹೊರಮೈಯನ್ನು: ಪಲ್ಲಕ್ಕಿ, ಪ್ರವಚನ, ಕಾಣಿಕೆಯ ತಟ್ಟೆ. ಸಾಯುವವನ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತವನ ದಣಿವು, ಒಡೆದ ಮನೆಗಳ ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡವನ ಭಾರ ಅವನಿಗೆ ಕಾಣಿಸುವುದಿಲ್ಲ. ಕಾಣದ್ದನ್ನು ಕುರಿತು ತೀರ್ಪು ಕೊಡುವುದು ಅವಿವೇಕ. ಮಿಲ್ಟನ್ನನ ಪುಸ್ತಿಕೆಗಳಲ್ಲಿಯೂ ವಾದವನ್ನು ಬಿಟ್ಟು ಬೈಗುಳವು ಮುಂದೆ ಹೋಗುವ ಪುಟಗಳಿವೆ. ಅಂಥ ಪುಟಗಳು ಇಂದು ಪಂಡಿತರಿಗೆ ಮಾತ್ರ ಬೇಕಾದವು. ಆದರೆ ಕಾಣದ್ದನ್ನು ಹೇಳಬಾರದು ಎಂಬುದರಿಂದ ಕಂಡದ್ದನ್ನೂ ಹೇಳಬಾರದು ಎಂದಾಗುವುದಿಲ್ಲ. ಇದನ್ನು ದೊಡ್ಡ ದೊಡ್ಡ ಧರ್ಮಪೀಠಗಳೂ ಒಪ್ಪಿಕೊಂಡಿವೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಚರ್ಚನ್ನು ಕುರಿತ ತನ್ನ ಮುಖ್ಯ ಶಾಸನದಲ್ಲಿ, ತಮ್ಮ ತಿಳುವಳಿಕೆಗೆ ತಕ್ಕಂತೆ ಚರ್ಚಿನ ಹಿತದ ವಿಷಯದಲ್ಲಿ ಅಭಿಪ್ರಾಯ ತಿಳಿಸುವ ಹಕ್ಕು ಸಾಮಾನ್ಯ ವಿಶ್ವಾಸಿಗಳಿಗೆ ಉಂಟೆಂದೂ, ಕೆಲವು ವೇಳೆ ಅದು ಅವರ ಕರ್ತವ್ಯವೂ ಆಗುತ್ತದೆಂದೂ ಸಾರಿತು. ಅಷ್ಟು ಪುರಾತನವಾದ, ಅಷ್ಟು ಕಟ್ಟುನಿಟ್ಟಾದ ಒಂದು ಸಂಸ್ಥೆಯು ಹೀಗೆ ಹೇಳಿರುವಾಗ, ಕಾಯಕವನ್ನೇ ಕೈಲಾಸವೆಂದ ಪರಂಪರೆಯ ನಾವು ಹಿಂಜರಿಯಬೇಕಾದ ಕಾರಣವಿಲ್ಲ.

ಹಾಗಾದರೆ ಈ ಬಗೆಯ ಬರವಣಿಗೆಯನ್ನು ಓದುವಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಬರೆದವನು ಹೇಳುತ್ತಿರುವುದು ಕಂಡದ್ದನ್ನೋ, ಊಹಿಸಿದ್ದನ್ನೋ? ಗುರುವಿಗೆ ಹಿಡಿದ ಅಳತೆಗೋಲನ್ನು ತನಗೂ ಹಿಡಿದುಕೊಂಡಿದ್ದಾನೆಯೇ? ತನ್ನ ಮಾತಿಗೆ ತನ್ನ ಹೆಸರನ್ನು ಹೊಣೆಯಾಗಿ ಕೊಟ್ಟಿದ್ದಾನೆಯೇ? ಚಂದಯ್ಯ, ಲಕ್ಕಮ್ಮ, ಚೌಡಯ್ಯ ಮೂವರೂ ಈ ಪರೀಕ್ಷೆಯಲ್ಲಿ ನಿಲ್ಲುತ್ತಾರೆ. ಮಿಲ್ಟನ್ನನು ಬಹುಮಟ್ಟಿಗೆ ನಿಲ್ಲುತ್ತಾನೆ. ನಮ್ಮಲ್ಲಿ ಇಂದು ಬರೆಯುವವರು ಎಷ್ಟರಮಟ್ಟಿಗೆ ನಿಲ್ಲುತ್ತಾರೆ ಎಂಬುದನ್ನು ವಾಚಕರೇ ನೋಡಿಕೊಳ್ಳಬೇಕು.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಗಡಿಯ ಈಚೆಗಿರುವ ನಮ್ಮ ಶಾಲೆಗಳ ಕನ್ನಡ ಮಕ್ಕಳಿಗೆ ವಚನವನ್ನು ವಿವರಿಸಿ ಹೇಳುವವರು ಅನೇಕ ವೇಳೆ ನೀವೊಬ್ಬರೇ. ಆ ಕೆಲಸಕ್ಕೆ ಕಾವಿಯೂ ಬೇಕಾಗಿಲ್ಲ, ಪದವಿಯ ಬಿರುದೂ ಬೇಕಾಗಿಲ್ಲ. ಪಾಠದ ಗಂಟೆಯನ್ನು ಕಾಯಕವಾಗಿ ನಡೆಸಿದ್ದರೆ ಸಾಕು. "ಹಗ್ಗದವನು ಗುರುವಿಗೆ ಹೀಗೆ ಹೇಳಬಹುದೇ?" ಎಂದು ಹುಡುಗನು ಕೇಳಿದಾಗ ಅವನನ್ನು ಕೂಡಿಸಬೇಡಿರಿ. ಆ ಹಗ್ಗವನ್ನು ಯಾರು ಹೊಸೆದರು, ಅದನ್ನು ಮಾರಿದ ಹಣದಿಂದ ಯಾರು ಉಂಡರು, ಮೊದಲು ಇವೆರಡನ್ನು ಅವನಿಂದಲೇ ಹೇಳಿಸಿರಿ. ಉಳಿದ ಅರ್ಥವನ್ನು ಅವನೇ ಹೇಳುತ್ತಾನೆ.